ದಂಡೆಯಿಂದ ರಾತ್ರಿ ಡೈವ್: ಬೊನೇರ್‌ನಲ್ಲಿ ಮೊದಲ ಸಲ ಇಳಿಯೋರಿಗೆ

ನಮ್ಮಲ್ಲಿ ತುಂಬಾ ಜನ ಮೊದಲ ಸ್ಕೂಬಾ ಡೈವ್ ಮಾಡಿರೋದು ನೇತ್ರಾಣಿಯಲ್ಲಿ. ಮುರುಡೇಶ್ವರದಿಂದ ಬೋಟು ಹತ್ತಿ ಹೋಗಿ ನೀರಿಗೆ ಇಳಿದ್ರೆ, ಮೇಲೆ ಬರೋ ಹೊತ್ತಿಗೆ ಅದೇ ಬೋಟು ಕಾಯ್ತಾ ಇರುತ್ತೆ, ಯಾರೋ ಒಬ್ಬರು ಕೈ ಹಿಡಿದು ಮೇಲಕ್ಕೆ ಎಳ್ಕೊಳ್ತಾರೆ. ದಂಡೆಯಿಂದ ಮಾಡೋ ಡೈವ್‌ನಲ್ಲಿ ಅದ್ಯಾವುದೂ ಇಲ್ಲ. ನೀವೇ ಸಿಲಿಂಡರ್ ಹೊತ್ಕೊಂಡು ನಡ್ಕೊಂಡು ಇಳೀಬೇಕು, ನೀವೇ ನಡ್ಕೊಂಡು ಮೇಲೆ ಬರ್ಬೇಕು, ಅದೂ ಇಳಿದ ಜಾಗಕ್ಕೇ ಬರ್ಬೇಕು. ರಾತ್ರಿ ಹೊತ್ತು ನಿಜವಾದ ಕಷ್ಟ ಇರೋದು ಈ ಕೊನೇ ಮಾತಲ್ಲಿ. ಕತ್ತಲೆಯ ಭಯ ಹತ್ತು ನಿಮಿಷಕ್ಕೆ ಇಳಿದುಹೋಗುತ್ತೆ, ಆದ್ರೆ ಹೊರಗೆ ಬರೋ ಜಾಗ ತಪ್ಪಿದ್ರೆ ಆ ರಾತ್ರಿ ಪೂರ್ತಿ ಹಾಳು, ಕಾಲು ಕೂಡ.

ನಾನು, ನಮ್ಮನೆಯವರು ಇದನ್ನ ಕಲ್ತಿದ್ದು ಬೊನೇರ್ ದ್ವೀಪದಲ್ಲಿ. ಕೆರಿಬಿಯನ್ ಸಮುದ್ರದಲ್ಲಿ ವೆನೆಜುವೆಲಾ ಮೇಲ್ಗಡೆ ಇರೋ ಪುಟ್ಟ ದ್ವೀಪ, 2010ರಿಂದ ನೆದರ್ಲೆಂಡ್ಸ್‌ನ ಒಂದು ವಿಶೇಷ ಮುನ್ಸಿಪಾಲಿಟಿ. ಅಮೆರಿಕದಲ್ಲಿರೋ ಕನ್ನಡದವರಿಗೆ ಅಷ್ಟೇನೂ ದೂರ ಅಲ್ಲ. ದಂಡೆ ಡೈವಿಂಗ್‌ಗೆ ಇದಕ್ಕಿಂತ ಒಳ್ಳೆ ಜಾಗ ನಾನಂತೂ ನೋಡಿಲ್ಲ. ಗಾಳಿ ಹೆಚ್ಚಾಗಿ ಪೂರ್ವದಿಂದಲೇ ಬೀಸೋದ್ರಿಂದ ಪಶ್ಚಿಮದ ದಂಡೆ ಕೆರೆ ಥರ ಶಾಂತವಾಗಿರುತ್ತೆ, ಉಬ್ಬರ ಇಳಿತ ಒಂದಡಿ ಆಸುಪಾಸು ಅಷ್ಟೇ, ನೀರು ವರ್ಷಪೂರ್ತಿ 26ರಿಂದ 29 ಡಿಗ್ರಿ, ಹವಳದ ದಿಬ್ಬ ದಂಡೆಯಿಂದ ಈಜಿ ಹೋಗೋ ದೂರದಲ್ಲೇ ಶುರುವಾಗುತ್ತೆ. ರಸ್ತೆ ಪಕ್ಕದಲ್ಲಿ ಹಳದಿ ಬಣ್ಣ ಬಳಿದ ಕಲ್ಲು ಇಟ್ಟು ಅದರ ಮೇಲೆ ಡೈವ್ ಸೈಟಿನ ಹೆಸರು ಬರ್ದಿರ್ತಾರೆ. ಪಿಕಪ್ ಬಾಡಿಗೆಗೆ ತಗೊಂಡು, ಹಿಂದೆ ಸಿಲಿಂಡರ್ ಹಾಕ್ಕೊಂಡು, ಆ ಕಲ್ಲಿನ ಪಕ್ಕ ನಿಲ್ಲಿಸಿ ಇಳಿಯೋದು.

ಇಲ್ಲಿ ಬರೀತಿರೋದು ಓಪನ್ ವಾಟರ್ ಅನ್ನೋ ಮೊದಲ ಹಂತದ ಡೈವಿಂಗ್ ಸರ್ಟಿಫಿಕೇಟ್ ಇದ್ದು, ಹಗಲಲ್ಲಿ ಒಂದಿಪ್ಪತ್ತು ಡೈವ್ ಆದ್ರೂ ಮಾಡಿ, ನೀರಲ್ಲಿ ಅಲುಗಾಡದೆ ತೇಲೋಕೆ ಬರೋರಿಗೆ. ಮೊಟ್ಟಮೊದಲ ರಾತ್ರಿ ಡೈವ್ ಆದ್ರೆ ಒಬ್ಬ ಇನ್‌ಸ್ಟ್ರಕ್ಟರ್ ಜೊತೆ ಹೋಗಿ, ದುಡ್ಡು ಖರ್ಚಾದ್ರೂ ಪರವಾಗಿಲ್ಲ. ಲೇಖನ ಓದಿ ಕಲಿಯೋ ವಿದ್ಯೆ ಅಲ್ಲ ಇದು, ಕಲಿತ ಮೇಲೆ ಮರೀಬಾರದ್ದನ್ನ ನೆನಪಿಸೋಕೆ ಬರೀತಿದ್ದೀನಿ.

ಮೊದಲು ಹಗಲಲ್ಲಿ ಇಳೀರಿ

ರಾತ್ರಿ ಇಳಿಯೋ ಜಾಗದಲ್ಲೇ ಅದೇ ದಿನ, ಇಲ್ಲಾ ಹಿಂದಿನ ದಿನ, ಹಗಲು ಡೈವ್ ಮಾಡಿರ್ಬೇಕು. ಇದಕ್ಕೆ ವಿನಾಯಿತಿ ಇಲ್ಲ. ಬೊನೇರ್‌ನಲ್ಲಿ ಮರೈನ್ ಪಾರ್ಕ್‌ನವರ ಫೀಸ್ ಕಟ್ಟಿ, ಒಂದು ಓರಿಯೆಂಟೇಶನ್ ಕೇಳಿ, ಒಂದು ಚೆಕ್ ಡೈವ್, ಅಂದ್ರೆ ಪರೀಕ್ಷೆಯ ಡೈವ್, ಮಾಡಿದ ಮೇಲೇ ನಿಮ್ಮಷ್ಟಕ್ಕೆ ನೀವು ಇಳೀಬಹುದು, ಹಾಗಾಗಿ ಆ ಚೆಕ್ ಡೈವ್ ಅನ್ನೇ ರಾತ್ರಿ ಇಳಿಯೋ ಸೈಟಲ್ಲಿ ಮಾಡ್ಕೊಂಡ್ರೆ ಎರಡೂ ಕೆಲಸ ಆಗುತ್ತೆ.

ಮೊದಲ ರಾತ್ರಿಗೆ ಮರಳಿನ ದಂಡೆ ಇರೋ ಜಾಗ ಹುಡುಕಿ. ಏರ್‌ಪೋರ್ಟ್ ಹತ್ರ ಇರೋ ತೆ ಆಮೊ ಬೀಚ್ ಆಗಬಹುದು, ಇಲ್ಲಾಂದ್ರೆ ಹೋಟೆಲಿನ ಕಟ್ಟೆ ಮೆಟ್ಟಿಲಿಂದ ಇಳಿಯೋ ಬಾರಿ ರೀಫ್ ಥರದ್ದು. ಹಿಲ್ಮಾ ಹೂಕರ್ ಅಂತ 1984ರಲ್ಲಿ ಮುಳುಗಿದ ಹಡಗು ಇದೆ, ಎಲ್ಲರಿಗೂ ಅಲ್ಲಿಗೆ ಹೋಗೋ ಆಸೆ, ಆದ್ರೆ ಅದು ಬಿದ್ದಿರೋದು ಸುಮಾರು 30 ಮೀಟರ್ ಆಳದಲ್ಲಿ, ಮೊದಲ ರಾತ್ರಿಗೆ ಖಂಡಿತ ಬೇಡ. ರಾತ್ರಿ ಡೈವ್‌ಗೆ 12 ಮೀಟರ್ ಸಾಕು, ನನ್ನನ್ನ ಕೇಳಿದ್ರೆ 8 ಮೀಟರೂ ಸಾಕು, ಆಟ ಎಲ್ಲಾ ನಡೆಯೋದು ಅಲ್ಲೇ.

ಹಗಲಲ್ಲಿ ಇಳಿದಾಗ ಮೀನು ನೋಡೋದು ಸ್ವಲ್ಪ ಕಮ್ಮಿ ಮಾಡಿ, ದಾರಿ ನೋಡಿ. ಬೊನೇರ್‌ನ ಬಹುತೇಕ ಸೈಟಲ್ಲಿ ದಂಡೆಯಿಂದ ಮೊದಲು ಆಳ ಕಮ್ಮಿ ಇರೋ ಮರಳು, ಅದರಲ್ಲಿ ಅಲ್ಲಲ್ಲಿ ಮೃದು ಹವಳ, ಆಮೇಲೆ 8-10 ಮೀಟರ್ ಆಳಕ್ಕೆ ಬಂದಾಗ ಗುಡ್ಡದ ಇಳಿಜಾರಿನ ಥರ ಹವಳ ಕೆಳಗೆ ಇಳಿಯುತ್ತೆ. ಆ ಅಂಚು ಸಿಕ್ಕೋ ಜಾಗದಲ್ಲಿ ಏನಿದೆ ನೋಡಿ ಇಟ್ಕೊಳ್ಳಿ. ಬೋಟ್ ಕಟ್ಟೋ ಕಾಂಕ್ರೀಟ್ ಬ್ಲಾಕೋ, ಮುರಿದ ದೊಡ್ಡ ಹವಳವೋ, ಏನೋ ಒಂದು ಕತ್ತಲಲ್ಲೂ ಗುರುತು ಹಿಡಿಯೋಂಥದ್ದು ಇದ್ದೇ ಇರುತ್ತೆ. ದಂಡೆಯಿಂದ ಅಲ್ಲಿಗೆ ಎಷ್ಟು ಸಲ ಕಾಲು ಬಡಿದ್ರಿ, ಎಷ್ಟು ನಿಮಿಷ ಆಯ್ತು, ಕಂಪಾಸ್ ಎಷ್ಟು ತೋರಿಸ್ತು, ಈ ಮೂರನ್ನ ನೀರೊಳಗೂ ಬರೆಯೋಕಾಗೋ ಸ್ಲೇಟಲ್ಲಿ ಬರ್ಕೊಳ್ಳಿ. ಪಶ್ಚಿಮದ ದಂಡೆ ತಾನೇ, ಹೋಗೋಕೆ 270 ಬರೋಕೆ 90 ಅಂತ ಸುಮ್ಮನೆ ಲೆಕ್ಕ ಹಾಕ್ಬೇಡಿ, ದಂಡೆ ಅಲ್ಲಲ್ಲಿ ತಿರುಗಿರುತ್ತೆ, ನೀವು ನಿಂತ ಜಾಗದಲ್ಲೇ ನೋಡಿದ ನಂಬರ್ ಮಾತ್ರ ನಿಮ್ಮದು.

ಹೊರಗೆ ಬರೋ ದಾರೀನೂ ನೋಡ್ಕೊಳ್ಳಿ. ಅಲ್ಲಿ ದಂಡೆಯ ತುಂಬಾ ಹಳೇ ಹವಳ ಕಲ್ಲಾಗಿ ಹೋಗಿರೋದು ಇದೆ, ಐರನ್‌ಶೋರ್ ಅಂತಾರೆ, ಕೈ ಇಟ್ರೆ ತುರಿಮಣೆ ಮೇಲೆ ಕೈ ಇಟ್ಟ ಹಾಗೆ. ಅದರ ನಡುವೆ ಎರಡು ಮೂರು ಮೀಟರ್ ಅಗಲದ ಮರಳಿನ ಓಣಿ ಇರುತ್ತೆ, ನೀವು ರಾತ್ರಿ ಹುಡುಕ್ಬೇಕಾಗಿರೋದು ಆ ಓಣೀನ.

ದಂಡೆ ಮೇಲೆ ಎರಡು ದೀಪ

ನಮ್ಮ ಎರಡನೇ ರಾತ್ರಿ ಒಂದೇ ದೀಪ ಇಟ್ಟಿದ್ವಿ, ಪಿಕಪ್ ಪಕ್ಕದಲ್ಲಿ ಒಂದು ಬಿಳಿ ಲೈಟು. ಡೈವ್ ಮುಗಿಸಿ ತಲೆ ಎತ್ತಿ ನೋಡಿದ್ರೆ ದಂಡೆ ಮೇಲೆ ನಾಲ್ಕು ಬಿಳಿ ಲೈಟು! ಯಾರದೋ ಮನೆ ಗೇಟಿಂದು, ಇನ್ಯಾರೋ ಡೈವರ್‌ಗಳ ಗಾಡಿದು. ತಪ್ಪು ಲೈಟಿಗೆ ಈಜಿ, ಇನ್ನೂರು ಮೀಟರ್ ಆಚೆ ಐರನ್‌ಶೋರ್ ಮೇಲೆ ಹತ್ತೋಕೆ ಹೋಗಿ, ಅಲೆ ಎತ್ತಿ ಹಾಕಿದ ಏಟಿಗೆ ನಮ್ಮನೆಯವರ ಮೊಣಕಾಲು ಸುಲಿದು ಎರಡು ದಿನ ನೀರಿಗೆ ಇಳಿಯೋ ಹಾಗಿರಲಿಲ್ಲ. ಆವತ್ತಿಂದ ಎರಡು ದೀಪ ಇಲ್ದೆ ಇಳಿದಿಲ್ಲ.

ಮಾಡೋದು ಸುಲಭ. ಒಂದು ದೀಪ ನೀರಿನ ಹತ್ರ ತಗ್ಗಲ್ಲಿ ಇಡಿ, ಇನ್ನೊಂದನ್ನ ಅದರ ನೇರ ಹಿಂದೆ ಹತ್ತು ಹದಿನೈದು ಮೀಟರ್ ದೂರದಲ್ಲಿ ಎತ್ತರಕ್ಕೆ ಇಡಿ, ಪಿಕಪ್ ಮೇಲೆ ಇಟ್ರೂ ಆಗುತ್ತೆ. ಮರಳಿನ ಓಣಿ ಆ ಎರಡಕ್ಕೂ ಒಂದೇ ಗೆರೇಲಿ ಬರ್ಬೇಕು. ನೀರಿಂದ ನೋಡಿದಾಗ ಮೇಲಿನ ದೀಪ ಕೆಳಗಿನ ದೀಪದ ನೆತ್ತಿ ಮೇಲೆ ನೇರ ಕಂಡ್ರೆ ನೀವು ಓಣಿಗೆ ನೇರ ಇದ್ದೀರಿ, ಮೇಲಿಂದು ಎಡಕ್ಕೆ ಸರಿದಿದ್ರೆ ನೀವು ಎಡಕ್ಕೆ ಜಾಸ್ತಿ ಹೋಗಿದ್ದೀರಿ, ಬಲಕ್ಕೆ ಬನ್ನಿ. ಬಂದರಿಗೆ ಬರೋ ದೋಣಿಗಳಿಗೆ ದಾರಿ ತೋರಿಸೋ ದೀಪಗಳದ್ದೂ ಇದೇ ಲೆಕ್ಕ. ಬಣ್ಣ ಬಿಳಿ ಬೇಡ, ಹಸಿರು ಇರ್ಲಿ, ಇಲ್ಲಾ ಒಂದು ಹಸಿರು ಒಂದು ಹಳದಿ, ಆ ದಂಡೇಲಿ ಬೇರೆ ಯಾರೂ ಇಡದಂಥ ಜೋಡಿ ಆಗಿದ್ರೆ ಸಾಕು. ಬ್ಯಾಟರಿ ಕನಿಷ್ಠ ಮೂರು ಗಂಟೆ ಬರ್ಬೇಕು. ಬೆಲೆಬಾಳೋ ದೀಪ ಬೇಡ, ಯಾರಾದ್ರೂ ಎತ್ಕೊಂಡು ಹೋಗ್ಬಹುದು. ಪಿಕಪ್ಪಲ್ಲೂ ಅಷ್ಟೇ, ಅಲ್ಲಿ ನಿಲ್ಲಿಸಿದ ಗಾಡಿಗಳಿಂದ ಸಾಮಾನು ಕದಿಯೋದು ಇದೆ, ಅದಕ್ಕೇ ಪಾಸ್‌ಪೋರ್ಟು ಪರ್ಸು ಎಲ್ಲಾ ರೂಮಲ್ಲೇ ಬಿಟ್ಟು, ಗಾಡಿ ಲಾಕ್ ಮಾಡದೆ ಖಾಲಿ ಬಿಡೋದು ಅಲ್ಲಿನ ರೂಢಿ.

ಕೈಯಲ್ಲಿ ಏನಿರ್ಬೇಕು

ಒಬ್ಬೊಬ್ಬರಿಗೂ ಎರಡು ಟಾರ್ಚ್. ಒಂದು ಮುಖ್ಯದ್ದು, ಒಂದು ಜೇಬಲ್ಲಿ ಇಡೋ ಚಿಕ್ಕದು, ಎರಡಕ್ಕೂ ಪೂರ್ತಿ ಚಾರ್ಜ್. ಮುಖ್ಯದ್ದು 1000 ಲ್ಯೂಮೆನ್ ಇದ್ರೆ ಧಾರಾಳ ಆಯ್ತು, ಕಮ್ಮಿ ಮಾಡೋ ಬಟನ್ ಇರೋದು ನೋಡಿ ತಗೊಳ್ಳಿ, ನೀವು ಬಳಸೋದು ಕಮ್ಮಿ ಬೆಳಕನ್ನೇ. ಸಿಲಿಂಡರ್ ಕತ್ತಿಗೆ ಕಟ್ಟೋಕೆ ಬ್ಯಾಟರಿಯ ಪುಟ್ಟ ಮಾರ್ಕರ್ ಲೈಟ್, ಇಬ್ಬರಿಗೂ ಬೇರೆ ಬೇರೆ ಬಣ್ಣ. ಮುರಿದು ಹೊಳೆಯೋ ಕೆಮಿಕಲ್ ಕಡ್ಡಿ ತಗೊಂಡು ಹೋಗ್ಬೇಡಿ, ಆ ಪಾರ್ಕಲ್ಲಿ ಅದಕ್ಕೆ ನಿಷೇಧ. ಕೈಗವಸಿಗೂ ನಿಷೇಧ, ಅದು ಒಳ್ಳೇದೇ, ಬರಿಗೈ ಇದ್ರೆ ಯಾವುದನ್ನೂ ಹಿಡ್ಕೊಳ್ಳೋ ಮನಸ್ಸು ಬರಲ್ಲ. 1979ರಿಂದ ಆ ದ್ವೀಪದ ಸುತ್ತ 60 ಮೀಟರ್ ಆಳದವರೆಗೂ ಸಂರಕ್ಷಿತ ಜಾಗ, ಹವಳ ಇವತ್ತಿಗೂ ಅಷ್ಟು ಉಳಿದಿದೆ ಅಂದ್ರೆ ಇಂಥ ಸಣ್ಣ ಸಣ್ಣ ನಿಯಮಗಳಿಂದ.

ಗಟ್ಟಿ ಅಟ್ಟೆಯ ಬೂಟಿ ಬೇಕೇ ಬೇಕು. ಒಂದು ಸೀಟಿ, ಕಂಪಾಸ್, ತೆಳ್ಳಗಿನದ್ದಾದ್ರೂ ಪೂರ್ತಿ ಮೈ ಮುಚ್ಚೋ ಸೂಟು. ಬಿಸಿನೀರು ದೇಶ ಅಂತ ಚಡ್ಡೀಲಿ ಇಳಿದ್ರೆ ಹೊತ್ತು ಮುಳುಗಿದ ಮೇಲೆ ಮುಕ್ಕಾಲು ಗಂಟೇಲಿ ನಡುಕ ಬರುತ್ತೆ, ಜೊತೆಗೆ ಬೆಂಕಿ ಹವಳ ತಗುಲಿದ್ರೆ ಉರಿಯೂ ಉಂಟು.

ಯಾವ ದಿನ, ಎಷ್ಟು ಹೊತ್ತಿಗೆ

ಬೊನೇರ್ ಇರೋದು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಹೆಚ್ಚುಕಮ್ಮಿ ನಮ್ಮ ಮಂಗಳೂರಿನ ನೇರ. ಮುಸ್ಸಂಜೆ ಜಾಸ್ತಿ ಹೊತ್ತು ಇರಲ್ಲ, ಸೂರ್ಯ ಮುಳುಗಿ ಅರ್ಧ ಗಂಟೆಗೆ ಕತ್ತಲೆ. ಮೊದಲ ಸಲದೋರು ಸೂರ್ಯ ಮುಳುಗೋ ಹೊತ್ತಿಗೇ ನೀರಿಗೆ ಇಳೀರಿ. ಇನ್ನೂ ಬೆಳಕಿರುವಾಗ ಇಳಿದು, ಕತ್ತಲೆ ನಿಮ್ಮ ಸುತ್ತ ತಾನಾಗಿ ಬರೋ ಹಾಗೆ ಮಾಡ್ಕೊಂಡ್ರೆ ಭಯ ಆಗೋದೇ ಇಲ್ಲ. ಹಗಲಿನ ಮೀನು ಮನೆ ಸೇರೋದು, ರಾತ್ರಿಯವು ಹೊರಗೆ ಬರೋದು ಎರಡೂ ಕಾಣ್ಸುತ್ತೆ.

ಗಾಳಿ ತಿರುಗಿ ಪಶ್ಚಿಮದಿಂದ ಬೀಸ್ತಾ ಇದ್ರೆ, ದಂಡೇಲಿ ಅಲೆ ಮೊಣಕಾಲಿಗಿಂತ ಎತ್ತರ ಒಡೀತಾ ಇದ್ರೆ, ಆವತ್ತು ಬೇಡ. ವಾಪಸ್ ಹೋಗಿ ಊಟ ಮಾಡಿ.

ಇನ್ನು ಚಂದ್ರ. ಇದನ್ನ ಸ್ವಲ್ಪ ವಿವರವಾಗಿ ಹೇಳ್ಬೇಕು, ಯಾಕಂದ್ರೆ ಅಲ್ಲಿ ಹೋಗಿ ಇದನ್ನ ನೋಡದೆ ಬರ್ಬಾರದು. ಆಸ್ಟ್ರಕಾಡ್ ಅಂತ ಸಾಸಿವೆ ಕಾಳಿನಷ್ಟು ದೊಡ್ಡ ಜೀವಿ, ಸಿಗಡಿ ಏಡಿಗಳ ದೂರದ ಸಂಬಂಧಿ. ಇದರ ಗಂಡುಗಳು ಹೆಣ್ಣನ್ನ ಕರೆಯೋಕೆ ನೀರಲ್ಲಿ ನೀಲಿ ಬೆಳಕಿನ ಚುಕ್ಕಿ ಬಿಡ್ತಾ ಈಜುತ್ವೆ, ಒಂದು ಚುಕ್ಕಿ, ಅದರ ಮೇಲೊಂದು, ಅದರ ಮೇಲೆ ಇನ್ನೊಂದು, ಸರ ಪೋಣಿಸಿದ ಹಾಗೆ. ಪೂರ್ತಿ ಕತ್ತಲೆ ಇದ್ರೆ ಮಾತ್ರ ಆಡೋ ಆಟ ಇದು. ಹುಣ್ಣಿಮೆ ದಿನ ಸೂರ್ಯ ಮುಳುಗೋದು ಚಂದ್ರ ಹುಟ್ಟೋದು ಒಂದೇ ಹೊತ್ತಿಗೆ, ಆಮೇಲೆ ದಿನಾ ಸುಮಾರು 50 ನಿಮಿಷ ತಡ ಆಗ್ತಾ ಹೋಗುತ್ತೆ. ಹಾಗಾಗಿ ಹುಣ್ಣಿಮೆ ಕಳೆದು 2ರಿಂದ 5 ದಿನದ ಒಳಗೆ, ಸೂರ್ಯ ಮುಳುಗಿ ಮುಕ್ಕಾಲು ಗಂಟೆ ಆದ ಮೇಲೆ, ಚಂದ್ರ ಬರೋಕೆ ಮುಂಚೆ ಒಂದು ಕತ್ತಲೆ ಗಳಿಗೆ ಸಿಗುತ್ತೆ, ಅಲ್ಲಿನ ಡೈವರ್‌ಗಳು ಕಾಯೋದು ಅದಕ್ಕೇ. ನಮಗೆ ಲೆಕ್ಕ ಇನ್ನೂ ಸುಲಭ, ಕ್ಯಾಲೆಂಡರಲ್ಲಿ ಸಂಕಷ್ಟಿ ಯಾವತ್ತು ಅಂತ ನೋಡಿದ್ರೆ ಆಯ್ತು. ಚಂದ್ರೋದಯಕ್ಕೆ ಕಾದು ಊಟ ಮಾಡೋ ಮನೇಲಿ ಬೆಳೆದೋರಿಗೆ ಆವತ್ತು ಚಂದ್ರ ಎಷ್ಟು ತಡ ಅಂತ ಹೇಳ್ಕೊಡ್ಬೇಕಿಲ್ಲ. ನಾನು ರಜೆ ಹಾಕೋದೇ ಸಂಕಷ್ಟಿ ನೋಡ್ಕೊಂಡು.

ಇಳಿಯೋದು

ದಂಡೆ ಮೇಲೆ ಇಬ್ಬರೂ ಕೂತು ಮಾತಾಡ್ಕೊಳ್ಳಿ. ಯಾರು ಮುಂದೆ, ಯಾವ ಕಡೆ ತಿರುಗೋದು, ಎಷ್ಟು ಗಾಳಿ ಉಳಿದಾಗ ವಾಪಸ್. ಟಾರ್ಚ್‌ನಿಂದ ನೆಲದ ಮೇಲೆ ನಿಧಾನಕ್ಕೆ ದೊಡ್ಡ ವೃತ್ತ ಬರೆದ್ರೆ ಚೆನ್ನಾಗಿದ್ದೀನಿ ಅಂತ, ಜೋರಾಗಿ ಅಡ್ಡಡ್ಡ ಆಡಿಸಿದ್ರೆ ತೊಂದರೆ, ಈ ಕಡೆ ನೋಡು ಅಂತ. ಕೈಸನ್ನೆ ಮಾಡೋದಾದ್ರೆ ನಿಮ್ಮ ಕೈ ಮೇಲೆ ನೀವೇ ಬೆಳಕು ಬಿಟ್ಕೊಳ್ಳಿ, ಎದುರಿನವರ ಮುಖಕ್ಕೆ ಯಾವತ್ತೂ ಬಿಡ್ಬೇಡಿ, ಒಂದು ಸಲ ಕಣ್ಣಿಗೆ ಬಿದ್ರೆ ಕೆಲವು ನಿಮಿಷ ಏನೂ ಕಾಣಲ್ಲ.

ಗಾಳಿಯ ಲೆಕ್ಕ: ಸಿಲಿಂಡರ್ ಒತ್ತಡ 200 ಬಾರ್, ಅಂದ್ರೆ 3000 ಪಿಎಸ್ಐ ಹತ್ರ ಶುರುವಾದ್ರೆ ಇಬ್ಬರಲ್ಲಿ ಯಾರದ್ದು ಮೊದಲು 130 ಬಾರ್‌ಗೆ ಬರುತ್ತೋ ಆಗ ತಿರುಗೋದು. ಮೀನು ಎಷ್ಟೇ ಚೆನ್ನಾಗಿರ್ಲಿ, ತಿರುಗೋದು ತಿರುಗೋದೇ. 10 ಮೀಟರ್ ಆಳದಲ್ಲಿ ಮೇಲಿಗಿಂತ ಎರಡರಷ್ಟು ಗಾಳಿ ಖರ್ಚಾಗುತ್ತೆ, ಹೊಸಬರು ರಾತ್ರಿ ಗಾಬರೀಲಿ ಇನ್ನೂ ಜಾಸ್ತಿ ಎಳೀತಾರೆ.

ಬಿಸಿಡಿಗೆ, ಅಂದ್ರೆ ತೇಲೋಕೆ ಗಾಳಿ ತುಂಬೋ ಜಾಕೆಟ್ಟಿಗೆ, ಅರ್ಧ ಗಾಳಿ ತುಂಬಿ, ಮಾಸ್ಕ್ ಹಾಕಿ, ಉಸಿರಾಡೋ ರೆಗ್ಯುಲೇಟರ್ ಬಾಯಲ್ಲಿ ಇಟ್ಕೊಂಡು, ಕಾಲಿಗೆ ಹಾಕೋ ಫಿನ್ ಕೈಯಲ್ಲಿ ಹಿಡಿದು, ಒಬ್ಬರ ಹೆಗಲು ಇನ್ನೊಬ್ಬರು ಹಿಡ್ಕೊಂಡು ಕಾಲು ಎತ್ತದೆ ಜಾರಿಸ್ತಾ ನಡೀರಿ. ಕಾಲ ಕೆಳಗೆ ಏನಿದೆ ಅಂತ ಟಾರ್ಚ್ ಬಿಟ್ಟು ನೋಡಿ, ಉದ್ದ ಮುಳ್ಳಿನ ಕಪ್ಪು ಕಡಲ ಮುಳ್ಳುಂಡೆಗಳು ಹಗಲಲ್ಲಿ ಕಲ್ಲಿನ ಸಂದಿಲಿ ಇರ್ತವೆ, ರಾತ್ರಿ ಮೇಯೋಕೆ ಹೊರಗೆ ಬರ್ತವೆ. ಸೊಂಟದ ಮಟ್ಟ ನೀರು ಬಂದ ಮೇಲೆ ಫಿನ್ ಹಾಕಿ, ಅಲ್ಲೇ ಒಂದು ಸಲ ಹಿಂದೆ ತಿರುಗಿ ಎರಡು ದೀಪ ಒಂದರ ಮೇಲೊಂದು ಇದೆಯಾ ನೋಡಿ. ಇದೆ ಅಂದ್ರೆ ಕಂಪಾಸ್ ಹಿಡಿದು ಮರಳಿನ ಮೇಲೇ ಮುಳುಗಿ ನೆಲ ನೋಡ್ಕೊಂಡು ಹೋಗಿ. ನಡುನೀರಲ್ಲಿ ಮೇಲೂ ಕತ್ತಲೆ ಕೆಳಗೂ ಕತ್ತಲೆ ಇದ್ರೆ ತಲೆ ತಿರುಗುತ್ತೆ, ಹಾಗಾದ್ರೆ ನಿಮ್ಮ ಉಸಿರಿನ ಗುಳ್ಳೆ ಯಾವ ಕಡೆ ಹೋಗ್ತಿದೆ ನೋಡಿ, ಅದೇ ಮೇಲು.

ಅಂಚಿನ ಗುರುತು ಸಿಕ್ಕಿದ ಮೇಲೆ ಸೆಳವು ಯಾವ ಕಡೆಯಿಂದ ಬರ್ತಿದೆಯೋ ಆ ಕಡೆಗೆ ತಿರುಗಿ. ಬರುವಾಗ ಸೆಳವೇ ನಿಮ್ಮನ್ನ ತಳ್ಳುತ್ತೆ. ಹೋಗುವಾಗ ಇಳಿಜಾರು ಎಡಗಡೆ ಇದ್ರೆ ಬರುವಾಗ ಬಲಗಡೆ. ದೂರ ಹೋಗ್ಬೇಡಿ. ಹಗಲಲ್ಲಿ ಇನ್ನೂರು ಮೀಟರ್ ಹೋಗ್ತಿದ್ರೆ ರಾತ್ರಿ ಐವತ್ತು ಸಾಕು.

ಬೆಳಕನ್ನ ಹೇಗೆ ಹಿಡಿಯೋದು

ರಾತ್ರಿ ಹವಳದ ದಿಬ್ಬದಲ್ಲಿ ನಿಮ್ಮ ಟಾರ್ಚ್ ಒಂದು ಆಯುಧ, ಇದು ನನಗೆ ಅರ್ಥ ಆಗಿದ್ದು ಟಾರ್ಪನ್ ನೋಡಿದ ಮೇಲೆ. ಆಳುದ್ದದ ಬೆಳ್ಳಿ ಮೀನು, ಬೊನೇರ್‌ನಲ್ಲಿ ಇವು ಡೈವರ್‌ಗಳ ಹಿಂದೇನೇ ಬರ್ತವೆ. ಒಂದು ರಾತ್ರಿ ಹವಳದ ಸಂದಿಲಿ ಮಲಗಿದ್ದ ಒಂದು ಗೇಣುದ್ದದ ನೀಲಿ ಮೀನಿನ ಮೇಲೆ ಬೆಳಕು ಬಿಟ್ಟು ಚಂದ ನೋಡ್ತಾ ನಿಂತಿದ್ದೆ, ನನ್ನ ಕಂಕುಳ ಕೆಳಗಿಂದ ಏನೋ ಒಂದು ನೂಕಿದ ಹಾಗಾಯ್ತು, ಟಪ್ ಅಂತ ಬಾಗಿಲು ಹಾಕಿದ ಸದ್ದು, ಆ ಮೀನಿದ್ದ ಜಾಗದಲ್ಲಿ ನಾಲ್ಕು ಹುರುಪೆ ಮಾತ್ರ ಬೆಳಕಲ್ಲಿ ತಿರುಗ್ತಾ ಕೆಳಗೆ ಇಳೀತಿತ್ತು. ಟಾರ್ಪನ್‌ಗೆ ಬೇಟೆ ತೋರಿಸಿಕೊಟ್ಟಿದ್ದು ನಾನು. ಆಮೇಲೆ ಅವತ್ತು ಪೂರ್ತಿ ಯಾವ ಮೀನಿನ ಮೇಲೂ ಬೆಳಕು ನಿಲ್ಲಿಸೋಕೆ ಮನಸ್ಸು ಬರಲಿಲ್ಲ. ಅವುಗಳಿಂದ ನಮಗೇನೂ ಅಪಾಯ ಇಲ್ಲ, ಮಲಗಿರೋ ಮೀನಿಗೆ ಅಪಾಯ. ಹಾಗಾಗಿ ಬೆಳಕು ಕಮ್ಮಿ ಇಡಿ, ಮೀನಿನ ಮೇಲೆ ನೇರ ಬಿಡದೆ ಪಕ್ಕಕ್ಕೆ ಬಿಡಿ, ಅಂಚಿನ ಬೆಳಕಲ್ಲೇ ನೋಡಿ, ಎರಡು ಮೂರು ಸೆಕೆಂಡ್ ಆದ ಮೇಲೆ ಸರಿಸಿ.

ನಿಧಾನಕ್ಕೆ ಹೋದೋರಿಗೆ ಕಾಣೋದು ಬೇಕಾದಷ್ಟಿದೆ. ಕೆಲವು ಜಾತಿ ಗಿಳಿಮೀನು ಬಾಯಿಂದ ಲೋಳೆ ಬಿಟ್ಟು ತನ್ನ ಸುತ್ತ ಚೀಲ ಕಟ್ಕೊಂಡು ಮಲಗಿರುತ್ತೆ, ಸೊಳ್ಳೆ ಪರದೆ ಒಳಗೆ ಮಲಗಿದ ಹಾಗೆ, ಅದನ್ನ ಒಡೀಬೇಡಿ. ಹಗಲಲ್ಲಿ ಮುದುಡಿದ ಗಂಟಾಗಿರೋ, ನಕ್ಷತ್ರಮೀನಿನ ಸಂಬಂಧಿ ಬ್ಯಾಸ್ಕೆಟ್ ಸ್ಟಾರ್ ರಾತ್ರಿ ಮೃದು ಹವಳದ ತುದಿಗೆ ಹತ್ತಿ ಕೈಗಳನ್ನ ಬಲೆ ಥರ ಹರಡುತ್ತೆ, ಬೆಳಕು ತಗುಲಿದ್ರೆ ಮತ್ತೆ ಸುರುಳಿ ಸುತ್ಕೊಳ್ಳುತ್ತೆ. ಸಂದಿಯಲ್ಲಿ ಕೆಂಪು ಕಿಡಿಗಳು ಜೋಡಿ ಜೋಡಿಯಾಗಿ ಕಂಡ್ರೆ ಅವು ಸಿಗಡಿ ಕಣ್ಣು. ಆಕ್ಟೋಪಸ್ ಸಿಕ್ಕಿದ್ರೆ ಅಲ್ಲೇ ನಿಂತುಬಿಡಿ, ಬೇರೇನೂ ನೋಡೋದು ಬೇಡ.

ಸೂರ್ಯ ಮುಳುಗಿ ಮುಕ್ಕಾಲು ಗಂಟೆ ಆಗೋ ಹೊತ್ತಿಗೆ ಅಂಚಿಂದ ವಾಪಸ್ ಮೃದು ಹವಳ ಇರೋ ಕಮ್ಮಿ ಆಳಕ್ಕೆ, 4-5 ಮೀಟರ್‌ಗೆ ಬನ್ನಿ. ಮರಳಿನ ಮೇಲೆ, ಹವಳ ಇಲ್ಲದ ಕಡೆ, ಇಬ್ಬರೂ ತೋಳು ಹಿಡ್ಕೊಂಡು ಟಾರ್ಚ್ ಎದೆಗೆ ಒತ್ತಿ ಹಿಡೀರಿ, ಆಮೇಲೆ ಆಫ್ ಮಾಡಿ. ಮಾರ್ಕರ್ ಲೈಟನ್ನೂ ಅಂಗೈಲಿ ಮುಚ್ಚಿ. ಮೊದಲ ಒಂದೆರಡು ನಿಮಿಷ ಏನೂ ಕಾಣಲ್ಲ, ಎದೆ ಡವಗುಟ್ಟುತ್ತೆ, ಉಸಿರು ನಿಧಾನ ಮಾಡ್ಕೊಳ್ಳಿ. ಆಮೇಲೆ ಒಂದು ಮೊಳ ದೂರದಲ್ಲಿ ಒಂದು ನೀಲಿ ಚುಕ್ಕಿ, ಅದರ ಮೇಲೊಂದು, ಆಮೇಲೆ ಪಕ್ಕದಲ್ಲಿ ಇನ್ನೊಂದು ಸರ, ಹಿಂದೆ ಇನ್ನೊಂದು, ನೋಡ್ತಾ ನೋಡ್ತಾ ಸುತ್ತ ಎಲ್ಲಾ ಕಡೆ. ಮಲೆನಾಡಲ್ಲಿ ಮಳೆ ಹಿಡಿಯೋಕೆ ಮುಂಚೆ ಒಂದಿಡೀ ಮರಕ್ಕೆ ಮಿಂಚುಹುಳ ಕೂತಿರೋದನ್ನ ನೋಡಿದೋರಿಗೆ ಸ್ವಲ್ಪ ಅಂದಾಜು ಸಿಗಬಹುದು, ಆದ್ರೆ ಇಲ್ಲಿ ನೀವು ಮರದ ಒಳಗೇ ಇರ್ತೀರಿ. ಮೇಲೆ ಬರೋಕೆ ಮುಂಚೆ ಕಮ್ಮಿ ಆಳದಲ್ಲಿ ಮೂರು ನಿಮಿಷ ನಿಲ್ಲೋ ಸೇಫ್ಟಿ ಸ್ಟಾಪ್ ಇಲ್ಲೇ ತಾನಾಗಿ ಆಗಿಬಿಡುತ್ತೆ.

ಏನಾದ್ರೂ ಕೆಟ್ರೆ

ಮುಖ್ಯ ಟಾರ್ಚ್ ಹೋದ್ರೆ ಚಿಕ್ಕದು ತೆಗೀರಿ, ಜೊತೆಯವರಿಗೆ ತೋರಿಸಿ, ಡೈವ್ ಅಲ್ಲಿಗೆ ಮುಗೀತು. ಚಿಕ್ಕದು ಇರೋದು ಮನೆಗೆ ಬರೋಕೆ, ಮುಂದೆ ಹೋಗೋಕೆ ಅಲ್ಲ. ಜೊತೆಯವರು ಕಾಣ್ತಿಲ್ಲ ಅಂದ್ರೆ ನಿಮ್ಮ ಬೆಳಕನ್ನ ಮುಚ್ಚಿ ಸುತ್ತ ಒಂದು ಸಲ ತಿರುಗಿ, ಅವರ ಬೆಳಕು ಕಂಡೇ ಕಾಣುತ್ತೆ. ಒಂದು ನಿಮಿಷ ಹುಡುಕಿಯೂ ಸಿಗಲಿಲ್ಲ ಅಂದ್ರೆ ನಿಧಾನಕ್ಕೆ ಮೇಲೆ ಹೋಗಿ, ಅವರೂ ಬರ್ತಾರೆ, ಇದನ್ನ ದಂಡೆ ಮೇಲೇ ಮಾತಾಡ್ಕೊಂಡಿರ್ಬೇಕು. ಟಾರ್ಚ್ ಸುತ್ತ ಸಣ್ಣ ಕೆಂಪು ಹುಳ ಮುತ್ತಿಕೊಂಡ್ರೆ ಹೆದರ್ಬೇಡಿ, ಬೆಳಕನ್ನ ಮೈಯಿಂದ ದೂರ ಹಿಡಿದು ಅಲ್ಲಿಂದ ಸರೀರಿ. ದಾರಿ ತಪ್ಪಿದೆ ಅನ್ನಿಸಿದ್ರೆ ನೀರೊಳಗೇ ಹುಡುಕ್ತಾ ಕೂರ್ಬೇಡಿ, ಮೇಲೆ ಬಂದು ಹಸಿರು ಹಳದಿ ದೀಪ ನೋಡಿ, ದೂರ ಇದ್ರೆ ಬಿಸಿಡಿ ಉಬ್ಬಿಸಿ ಮೇಲ್ಮೈಯಲ್ಲೇ ಈಜಿ ಬನ್ನಿ. ಬೋಟು ಓಡಾಡೋ ಕಡೆ ಆದ್ರೆ ಟಾರ್ಚ್ ಮೇಲಕ್ಕೆ ಹಿಡೀರಿ.

ಹತ್ತಿ ಬಂದ ಮೇಲೆ

ದೀಪಗಳ ಗೆರೆ ಹಿಡಿದು ಸೊಂಟದ ನೀರಿಗೆ ಬರೋವರೆಗೂ ರೆಗ್ಯುಲೇಟರ್ ಬಾಯಲ್ಲಿ, ಮಾಸ್ಕ್ ಮುಖದ ಮೇಲೆ ಇರ್ಲಿ. ಅಲೆ ಇದ್ರೆ ನಿಲ್ಲೋಕೆ ಹೋಗ್ಬೇಡಿ, ಮರಳಿನ ಓಣೀಲಿ ಮಂಡಿಯೂರಿ ಅಂಬೆಗಾಲಲ್ಲಿ ಬನ್ನಿ. ಒಬ್ಬರು ಫಿನ್ ಬಿಚ್ಚುವಾಗ ಇನ್ನೊಬ್ಬರು ಗಟ್ಟಿ ನಿಂತು ಹಿಡ್ಕೊಳ್ಳಿ. ಬಂದ ಕೂಡ್ಲೇ ಒಣ ಬಟ್ಟೆ ಹಾಕ್ಕೊಂಡು ಫ್ಲಾಸ್ಕಿನ ಬಿಸಿ ಚಹಾ ಕುಡೀರಿ, ನಾವು ಶುಂಠಿ ಹಾಕಿ ಮಾಡ್ಕೊಂಡು ಹೋಗ್ತೀವಿ. ದೀಪ ಎತ್ಕೊಳ್ಳೋದು ಮರೀಬೇಡಿ.

ವಾಪಸ್ ಹೋಗುವಾಗ ಪಿಕಪ್ ನಿಧಾನ ಓಡಿಸಿ, ಆ ದ್ವೀಪದಲ್ಲಿ ಯಾರಿಗೂ ಸೇರದ ಕತ್ತೆಗಳು ಬೇಕಾದಷ್ಟಿವೆ, ದೀಪ ಇಲ್ಲದ ರಸ್ತೇಲಿ ನಡುಮಧ್ಯ ನಿಂತಿರ್ತವೆ. ರೂಮಿಗೆ ಬಂದು ಸಾಮಾನೆಲ್ಲಾ ಸಿಹಿನೀರಲ್ಲಿ ತೊಳೆದು, ಡೈವ್ ಶಾಪಿನವರು ಇಟ್ಟಿರೋ ಔಷಧಿ ನೀರಲ್ಲೂ ಅದ್ದಿ ತೆಗೀರಿ, 2023ರಲ್ಲಿ ಗಟ್ಟಿ ಹವಳದ ಮಾಂಸ ಕರಗಿಸೋ ರೋಗ ಅಲ್ಲಿಗೂ ಬಂತು, ಒಂದು ಸೈಟಿಂದ ಇನ್ನೊಂದಕ್ಕೆ ನಿಮ್ಮ ಸೂಟು ಅದನ್ನ ಹೊತ್ಕೊಂಡು ಹೋಗ್ಬಾರದು. ಊರಿಗೆ ಹೊರಡೋ ಹಿಂದಿನ ರಾತ್ರಿ ಡೈವ್ ಇಟ್ಕೊಳ್ಬೇಡಿ, ಕೊನೇ ಡೈವ್ ಮುಗಿದು ವಿಮಾನ ಹತ್ತೋಕೆ ಕನಿಷ್ಠ 18 ಗಂಟೆ ಬಿಡಿ. ಟಾರ್ಚ್ ಮುಚ್ಚಳ ಅದೇ ರಾತ್ರಿ ತೆರೀಬೇಡಿ, ಒಣಗಿದ ಮೇಲೆ ಬೆಳಗ್ಗೆ ತೆಗೆದು, ನೀರು ತಡೆಯೋ ರಬ್ಬರ್ ಓ-ರಿಂಗ್ ಮೇಲೆ ಒಂದೇ ಒಂದು ಮರಳಿನ ಕಣ ಇದೆಯಾ ಅಂತ ಬೆರಳ ತುದಿಯಿಂದ ಸುತ್ತ ಸವರಿ ನೋಡಿ.